ಹಿಂಗಾಲಿನ ನಳಿಮೂಳೆ ಮೊದಲು ಹೇಳುತ್ತದೆ

ಬೀರೂರಿನಲ್ಲಿ ಅಮೃತಮಹಲ್ ಗಂಡುಕರುಗಳ ಹರಾಜು ನೋಡಿದವರಿಗೆ ಗೊತ್ತು. ಕೂಗುವ ಮೊದಲು ರೈತ ಕರುವಿನ ಕೊಂಬು ನೋಡುತ್ತಾನೆ, ಸುಳಿ ನೋಡುತ್ತಾನೆ, ಮುಖದ ಉದ್ದ ನೋಡುತ್ತಾನೆ. ಕೊನೆಗೆ ಅವನ ಕಣ್ಣು ನಿಲ್ಲುವುದು ಹಿಂಗಾಲಿನ ಮೇಲೆ. ಕಾವಲಿನ ಹುಲ್ಲುಗಾವಲಿನಲ್ಲಿ ಬೆಳೆದ ಕರು ಮೈ ಮುಟ್ಟಗೊಡುವುದಿಲ್ಲ, ಹಾಗಾಗಿ ಅದು ನಾಲ್ಕು ಹೆಜ್ಜೆ ಹಾಕುವವರೆಗೆ ಕಾಯುತ್ತಾನೆ. ಎರಡೂ ಕಾಲಿಗೆ ಒಂದೇ ಭಾರ ಕೊಡುತ್ತಿದೆಯೇ, ತಿರುಗುವಾಗ ಸೊಂಟ ಒಂದು ಕಡೆಗೆ ಜೋಲುತ್ತದೆಯೇ ಎಂದು ನೋಡುತ್ತಾನೆ. ಜಾತ್ರೆಯಲ್ಲಿ ಪಳಗಿದ ಎತ್ತಾದರೆ ಇನ್ನೂ ಹತ್ತಿರ ಹೋಗಿ ಅಂಗೈಯನ್ನು ತೊಡೆಯಿಂದ ಗೊರಸಿನವರೆಗೆ ನಿಧಾನವಾಗಿ ಇಳಿಸುತ್ತಾನೆ. ನಳಿಮೂಳೆಯ ಒಳಮಗ್ಗುಲಲ್ಲಿ ಎಲ್ಲಾದರೂ ಗಂಟು ಕೈಗೆ ತಗುಲಿತೋ, ವ್ಯಾಪಾರ ಅಲ್ಲಿಗೆ ಮುರಿಯಿತು. ಕಾರಣ ಕೇಳಿದರೆ ಅವನು ಪುಸ್ತಕದ ಮಾತು ಹೇಳಲಾರ. ಆದರೆ ಅವನ ಕೈ ಸುಳ್ಳು ಹೇಳುವುದಿಲ್ಲ.

ಅದೇ ಕಾವಲಿನ ಹುಲ್ಲು ತಿಂದು ಬದುಕುವ ಇನ್ನೊಂದು ಜೀವದ ಹಿಂಗಾಲಿನ ಮೇಲೆ ಇಂಥ ಕೈ ಎಂದೂ ಆಡುವುದಿಲ್ಲ. ಅದು ಕೃಷ್ಣಮೃಗ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು ಸರ್ಕಾರ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಸುಮಾರು ಏಳು ಚದರ ಕಿಲೋಮೀಟರ್ ಜಾಗ, ಅಷ್ಟೇ. ಬೆಳಗಿನ ಜಾವ ಸೈಕಲ್ಲಿನಲ್ಲಿ ಹೊರಟವನು ಬಿಸಿಲೇರುವ ಮೊದಲು ಸುತ್ತು ಹಾಕಿ ಬಂದುಬಿಡಬಹುದಾದಷ್ಟು ನೆಲ. ಗಂಟೆಗೆ 80 ಕಿಲೋಮೀಟರ್ ಮುಟ್ಟಬಲ್ಲ ಓಟದ ಪ್ರಾಣಿಗೆ ಅದು ಕೆಲವೇ ನಿಮಿಷಗಳ ದಾರಿ. ಅದರಾಚೆ ರಾಗಿ ಹೊಲ, ಈರುಳ್ಳಿ ಹೊಲ, ತೆಂಗು ಅಡಿಕೆಯ ಹೊಸ ತೋಟ, ತಂತಿ ಬೇಲಿ, ಡಾಂಬರು.

ನಾವು ಇಂದು ಕೊಡುತ್ತಿರುವ ಎಚ್ಚರಿಕೆ ಇದು: ಈ ಕೃಷ್ಣಮೃಗಗಳ ಹಿಂಗಾಲಿನ ಮೂಳೆಗಳನ್ನು ಎಕ್ಸ್‌ರೇಯಲ್ಲಿ ಈಗಲೇ, ಹಿಂಡು ಗಟ್ಟಿಯಾಗಿರುವಾಗಲೇ ಓದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಕಾವಲಿಗೆ ಬರುವ ಕೇಡು ಹಿಂಡು ಕರಗಿದ ಮೇಲಷ್ಟೇ ನಮಗೆ ತಿಳಿಯುತ್ತದೆ. ಸತ್ತ ಮೃಗಗಳನ್ನು ಎಣಿಸುವುದು ತಡವಾಗಿ ಮಾಡುವ ಲೆಕ್ಕ. ಕಾಲಿನ ಮೂಳೆ ಅದಕ್ಕಿಂತ ಎಷ್ಟೋ ಮೊದಲು ಬಾಯಿ ಬಿಡುತ್ತದೆ.

ಹಿಂಗಾಲೇ ಏಕೆ ಎಂಬುದಕ್ಕೆ ಉತ್ತರ ಆ ಕಾಲಿನ ಕಟ್ಟಡದಲ್ಲೇ ಇದೆ.

ಮೇಯುತ್ತಿರುವ ಕೃಷ್ಣಮೃಗವನ್ನು ದೂರದಿಂದ ನೋಡಿದಾಗ ಹಿಂಗಾಲಿನ ನಡುವೆ, ಹಿಂದಕ್ಕೆ ಚಾಚಿ ಮಡಚಿಕೊಂಡಂತೆ ಒಂದು ಗಂಟು ಕಾಣುತ್ತದೆ. ಬಹಳ ಜನ ಅದನ್ನೇ ಮೊಣಕಾಲು ಎಂದುಕೊಳ್ಳುತ್ತಾರೆ. ಅದು ಮೊಣಕಾಲಲ್ಲ, ಹಿಮ್ಮಡಿ. ನಿಜವಾದ ಮೊಣಕಾಲು ಮೇಲೆ, ಹೊಟ್ಟೆಯ ಮಗ್ಗುಲಿಗೆ ಅಂಟಿಕೊಂಡಂತೆ ಚರ್ಮದೊಳಗೆ ಅಡಗಿದೆ. ಅಂದರೆ ಈ ಮೃಗ ಜೀವಮಾನವೆಲ್ಲ ತುದಿಬೆರಳ ಮೇಲೆ ನಿಂತಿರುತ್ತದೆ. ನಮ್ಮ ಅಂಗಾಲಿನ ನಡುವೆ ಐದು ಉದ್ದ ಮೂಳೆಗಳಿದ್ದರೆ, ಈ ಮೃಗದಲ್ಲಿ ಮೂರನೆಯದೂ ನಾಲ್ಕನೆಯದೂ ಬೆಸೆದು ಒಂದೇ ಉದ್ದ ನಳಿಮೂಳೆಯಾಗಿವೆ. ಬೆಸುಗೆಯ ಗುರುತಾಗಿ ಮುಂಭಾಗದಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಸಣ್ಣ ತೋಡು ಉಳಿದಿದೆ. ಕೆಳತುದಿಯಲ್ಲಿ ಮಾತ್ರ ಆ ಮೂಳೆ ಮತ್ತೆ ಎರಡಾಗಿ ಸೀಳಿ ಎರಡು ಬೆರಳುಗಳಿಗೆ ದಾರಿ ಕೊಡುತ್ತದೆ. ಒಂದೊಂದು ಬೆರಳಿಗೂ ಮೂರು ಮೂಳೆ, ಅವುಗಳ ಹಿಂದೆ ರಾಟೆಯ ಗುಂಡಿಗಳಂತೆ ಮೂರು ಪುಟ್ಟ ಮೂಳೆ. ಆ ಗುಂಡಿಗಳ ಮೇಲೆ ಸ್ನಾಯುಹುರಿ ಜಾರುತ್ತದೆ.

ಹಿಮ್ಮಡಿಯ ಗಂಟಿನೊಳಗೆ ಇನ್ನೊಂದು ಸೊಗಸಿದೆ. ಅಲ್ಲಿರುವ ಒಂದು ಮೂಳೆಗೆ ಮೇಲೂ ಕೆಳಗೂ ರಾಟೆಯಂಥ ತೋಡು. ಎರಡು ರಾಟೆ ಒಂದೇ ಮೂಳೆಯಲ್ಲಿ. ಇದರಿಂದ ಕಾಲು ಹಿಂದೆ ಮುಂದೆ ಸಲೀಸಾಗಿ ಬೀಸುತ್ತದೆ, ಪಕ್ಕಕ್ಕೆ ಮಾತ್ರ ತಿರುಚುವುದಿಲ್ಲ. ಕುರಿ ಮೇಕೆಗಳಲ್ಲೂ ಇದೇ ಆಕಾರದ ಮೂಳೆಯಿದೆ, ಪ್ರಾಚೀನ ಗ್ರೀಕರು ಮತ್ತು ರೋಮನ್ನರು ಅದನ್ನು ದಾಳವಾಗಿ ಉರುಳಿಸುತ್ತಿದ್ದರು. ಅದರ ಹಿಂದೆ ಮೇಲಕ್ಕೆ ಚಾಚಿರುವ ಹಿಮ್ಮಡಿ ಮೂಳೆ ಹಾರೆಯ ಹಿಡಿಯಂತೆ ಕೆಲಸ ಮಾಡುತ್ತದೆ. ತೊಡೆಯ ಹಿಂದಿನ ಬಲವೆಲ್ಲ ಒಂದು ದಪ್ಪ ಹುರಿಯ ಮೂಲಕ ಆ ಹಿಡಿಯನ್ನು ಎಳೆದಾಗ ಇಡೀ ದೇಹ ನೆಲದಿಂದ ಚಂಗನೆ ಹಾರುತ್ತದೆ. ಮೊಣಕಾಲಿನ ಕೆಳಗೆ ನಮಗಿರುವ ಎರಡು ಮೂಳೆಗಳಲ್ಲಿ ತೆಳ್ಳನೆಯದು ಇದಕ್ಕೆ ಸವೆದೇ ಹೋಗಿದೆ. ಮೇಲ್ಗಡೆ ಮುಳ್ಳಿನಂಥ ಒಂದು ಚೂಪು, ಕೆಳಗೆ ಹಿಮ್ಮಡಿಯ ಹೊರಮಗ್ಗುಲಿಗೆ ಅಂಟಿದ ಹುಣಸೆಬೀಜದಂಥ ಒಂದು ಬಿಡಿಮೂಳೆ ಮಾತ್ರ ಉಳಿದಿವೆ.

ಇಷ್ಟೆಲ್ಲ ಏಕೆ ಹೇಳಬೇಕೆಂದರೆ, ಹಗುರಾಗಲೆಂದು ಪ್ರಕೃತಿ ಆ ಕಾಲಿನ ಕೆಳಭಾಗದಿಂದ ಮಾಂಸವನ್ನೆಲ್ಲ ಕಿತ್ತುಹಾಕಿದೆ. ನಳಿಮೂಳೆಯ ಮೇಲೆ ಇರುವುದು ಚರ್ಮ ಮತ್ತು ಹುರಿ. ಹೊಡೆತ ಬಿದ್ದರೆ ತಡೆಯಲು ದಿಂಬಿಲ್ಲ, ಮುರಿದರೆ ಚೂರು ಚರ್ಮ ಸೀಳಿ ಹೊರಗೆ ಬರುತ್ತದೆ, ರಕ್ತದ ಹರಿವು ಕಡಿಮೆಯಾದ್ದರಿಂದ ಕೂಡಿಕೊಳ್ಳುವುದು ನಿಧಾನ. ಓಟದಿಂದಲೇ ಬದುಕುವ ಪ್ರಾಣಿಯ ಬದುಕು ನಮ್ಮ ಕಿರುಬೆರಳಿಗಿಂತ ಸ್ವಲ್ಪ ದಪ್ಪನೆಯ ಆ ಮೂಳೆಯ ಮೇಲೆ ನಿಂತಿದೆ.

ಈಗ ಆ ಕಾಲಿನ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದಾಗ ಏನು ಕಾಣುತ್ತದೆ ಎನ್ನುವುದಕ್ಕೆ ಬರೋಣ. ಒಂದು ಫಿಲ್ಮ್ ಸಾಲದು. ಪಕ್ಕದಿಂದ ಒಂದು, ಎದುರಿನಿಂದ ಒಂದು, ಎರಡೂ ಬೇಕು. ಪಕ್ಕದಿಂದ ನೇರವಾಗಿ ಕಂಡ ಮೂಳೆ ಎದುರಿನಿಂದ ಎರಡು ತುಂಡಾಗಿರಬಹುದು. ಎಳೆಯ ಮರಿಯ ಫಿಲ್ಮಿನಲ್ಲಿ ತೊಡೆಮೂಳೆಯ ಕೆಳತುದಿ, ಅದರ ಕೆಳಗಿನ ಮೂಳೆಯ ಎರಡೂ ತುದಿ, ಹಿಮ್ಮಡಿಯ ತಲೆ, ನಳಿಮೂಳೆಯ ಕೆಳತುದಿ ಎಲ್ಲ ಕಡೆಯೂ ಅಡ್ಡಲಾಗಿ ಒಂದು ಕಪ್ಪು ಗೆರೆ ಹಾಯ್ದಿರುತ್ತದೆ. ಅದು ಬಿರುಕಲ್ಲ, ಮೂಳೆ ಬೆಳೆಯುವ ಜಾಗ. ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲವಾದ್ದರಿಂದ ಅಲ್ಲಿ ಖಾಲಿ ಬಿಟ್ಟಂತೆ ತೋರುತ್ತದೆ. ಮರಿ ಬೆಳೆದಂತೆ ಕೆಳಗಿನ ಗೆರೆಗಳು ಮೊದಲು ಮುಚ್ಚುತ್ತವೆ, ಮೊಣಕಾಲಿನ ಸುತ್ತಲಿನವು ಕೊನೆಗೆ. ಹಾಗೆಯೇ ಹಿಮ್ಮಡಿಯ ಪಕ್ಕದ ಆ ಹುಣಸೆಬೀಜದ ಮೂಳೆ ಅರಿಯದ ಕಣ್ಣಿಗೆ ಸಿಡಿದ ಚೂರಿನಂತೆ ಕಾಣುತ್ತದೆ.

ದನ, ಎಮ್ಮೆ, ಕುರಿ, ನಾಯಿಗಳ ಫಿಲ್ಮನ್ನು ದಿನವೂ ನೋಡುವ ತಾಲ್ಲೂಕು ಪಶುವೈದ್ಯರಿಗೆ ಒಂದು ದಿನ ರಾತ್ರಿ ಹತ್ತು ಗಂಟೆಗೆ ಗೂಡ್ಸ್ ಆಟೋದಲ್ಲಿ ಕೃಷ್ಣಮೃಗ ತಂದು ಇಳಿಸಿದರೆ ಅವರ ಕೈಯಲ್ಲಿ ಹೋಲಿಸಿ ನೋಡಲು ಏನಿರುತ್ತದೆ? ಮೇಕೆಯ ಕಾಲಿನ ನೆನಪು. ಮೇಕೆಯ ನಳಿ ಗಿಡ್ಡ, ದಪ್ಪ. ಇದರದ್ದು ಉದ್ದ, ತೆಳು. ಗೋಡೆಯ ದಪ್ಪ ಬೇರೆ, ಬಾಗು ಬೇರೆ. ಆರೋಗ್ಯವಾಗಿದ್ದ ಮೃಗದ ಹಿಂಗಾಲು ಆರು ತಿಂಗಳಿಗೆ ಹೀಗಿರುತ್ತದೆ, ಎರಡು ವರ್ಷಕ್ಕೆ ಹೀಗೆ, ಗಂಡಿನಲ್ಲಿ ಹೀಗೆ, ಹೆಣ್ಣಿನಲ್ಲಿ ಹೀಗೆ ಎಂದು ತೋರಿಸುವ ನಮ್ಮದೇ ಊರಿನ ಮೃಗಗಳ ಚಿತ್ರಗಳ ಒಂದು ಕಡತ ಆ ವೈದ್ಯರ ಮೇಜಿನ ಮೇಲಿರಬೇಕು. ಸರಿಯಾದ ಕಾಲು ಯಾವುದೆಂದು ಗೊತ್ತಿಲ್ಲದೆ ಕೆಟ್ಟ ಕಾಲನ್ನು ಗುರುತಿಸುವುದು ಹೇಗೆ?

ಮುರಿದ ಕಾಲು ಎಲ್ಲರಿಗೂ ಕಾಣುತ್ತದೆ. ನಮಗೆ ಹೆಚ್ಚು ಚಿಂತೆಯಿರುವುದು ಮುರಿಯದೆ ಕೆಡುವ ಕಾಲಿನ ಬಗ್ಗೆ.

ಕಡೂರು, ತರೀಕೆರೆ ಭಾಗದ ಕೆಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ ಎನ್ನುವುದು ಹೊಸ ಸುದ್ದಿಯಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸರಿ ಎನ್ನುತ್ತದೆ ಭಾರತೀಯ ಮಾನಕ. ಬಾಬಾಬುಡನ್‌ಗಿರಿಯ ಮಳೆ ನೆರಳಿನಲ್ಲಿರುವ ಕಡೂರಿನ ಬಯಲಿಗೆ ಮಳೆ ಕಡಿಮೆ. ಕೆರೆ ಬತ್ತಿದಷ್ಟೂ ಕೊಳವೆ ಕೆಳಗಿಳಿಯಿತು. ಆಳದ ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತ ನೀರು ಆ ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಮನುಷ್ಯರಿಗೆಂದು ಊರೂರಿಗೆ ಶುದ್ಧ ನೀರಿನ ಘಟಕ ಬಂದಿದೆ, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತೇವೆ. ಆ ಘಟಕ ಸೋಸಿ ಹೊರಗೆ ಬಿಡುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗಿರುತ್ತದೆ. ಅದನ್ನು ವ್ಯರ್ಥ ಮಾಡಬಾರದೆಂಬ ಒಳ್ಳೆಯ ಮನಸ್ಸಿನಿಂದಲೇ ಎಷ್ಟೋ ಕಡೆ ದನದ ತೊಟ್ಟಿಗೆ ಹರಿಸುತ್ತಾರೆ. ಬೇಸಿಗೆಯಲ್ಲಿ ಕಾಡುಪ್ರಾಣಿಗೆಂದು ತುಂಬಿಸುವ ತೊಟ್ಟಿಯ ನೀರೂ ಯಾವುದೋ ಕೊಳವೆಯಿಂದಲೇ ಬರಬೇಕು.

ದೇಹದಲ್ಲಿ ಉಳಿಯುವ ಫ್ಲೋರೈಡಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತರಷ್ಟು ಮೂಳೆ ಮತ್ತು ಹಲ್ಲನ್ನೇ ಸೇರುತ್ತದೆ. ದನಗಳಲ್ಲಿ ಫ್ಲೋರೈಡಿನಿಂದ ಬರುವ ಕಾಯಿಲೆ, ಫ್ಲೋರೋಸಿಸ್, ಮೂಳೆಯಲ್ಲಿ ಮೊದಲು ಎಲ್ಲಿ ಕಾಣುತ್ತದೆ ಎಂದು ಪಶುವೈದ್ಯಕೀಯ ಪುಸ್ತಕಗಳನ್ನು ತೆರೆದರೆ ಉತ್ತರ ಸ್ಪಷ್ಟವಾಗಿದೆ: ಹಿಂಗಾಲಿನ ನಳಿಮೂಳೆ, ಅದರ ಮೇಲಿನ ಮೂರನೇ ಒಂದು ಭಾಗ, ಒಳಮಗ್ಗುಲು. ಜಾತ್ರೆಯಲ್ಲಿ ರೈತನ ಅಂಗೈ ಇಳಿಯುವಾಗ ಎಲ್ಲಿ ತಡೆಯುತ್ತದೆಯೋ ಅದೇ ಜಾಗ. ಎಕ್ಸ್‌ರೇಯಲ್ಲಿ ಆರೋಗ್ಯದ ನಳಿಮೂಳೆಯ ಹೊರ ಅಂಚು ಚಾಕುವಿನ ಅಲಗಿನಂತೆ ಶುಭ್ರ. ಫ್ಲೋರೈಡ್ ಸೇರಿದ ಮೂಳೆಯ ಅಂಚು ಒರಟು, ಸುಣ್ಣ ಬಳಿದ ಗೋಡೆಗೆ ಮತ್ತೆ ಮತ್ತೆ ಸುಣ್ಣ ಬಳಿದ ಹಾಗೆ ಪದರ ಪದರ. ಹುರಿಗಳು ಮೂಳೆಗೆ ಅಂಟುವ ಕಡೆ ಮುಳ್ಳು ಎದ್ದಿರುತ್ತದೆ. ಒಂದು ಮಾತು ನೆನಪಿಡಬೇಕು. ಪೆಟ್ಟು ಬಿದ್ದು ಕೂಡಿದ ಮೂಳೆಯ ಗಂಟು ಒಂದೇ ಕಾಲಿನಲ್ಲಿರುತ್ತದೆ, ಕೀವು ಹಿಡಿದ ಮೂಳೆ ಗೆದ್ದಲು ತಿಂದಂತೆ ತೂತು ತೂತಾಗಿರುತ್ತದೆ. ಫ್ಲೋರೈಡಿನ ಗಂಟು ಎರಡೂ ಕಾಲಿನಲ್ಲಿ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಇರುತ್ತದೆ. ಆದ್ದರಿಂದಲೇ ಎಡಗಾಲು ಬಲಗಾಲು ಎರಡರ ಚಿತ್ರವೂ ಬೇಕು ಎನ್ನುತ್ತಿದ್ದೇವೆ.

ಇದು ಕೃಷ್ಣಮೃಗಕ್ಕೆ ಮಾತ್ರ ಸೇರಿದ ಸಂಗತಿಯಾಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಭಾರತದಲ್ಲಿ ಮೂಳೆಯ ಫ್ಲೋರೋಸಿಸ್ ಪತ್ತೆಯಾದ ಕಥೆಯನ್ನು ನೆನೆಯಿರಿ. ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ ಮೊದಲು ಅದನ್ನು ಕಂಡವರು ರೈತರು. ಎತ್ತುಗಳ ಕೀಲು ಬಿಗಿದು, ನೊಗ ಹೊರಲಾರದೆ, ನಡೆಯಲಾರದೆ ನಿಂತವು. ಅದೇ ಕಾಯಿಲೆ ಮನುಷ್ಯರಲ್ಲಿದೆ ಎಂದು ವೈದ್ಯರು ವಿವರಿಸಿ ಬರೆದದ್ದು 1937ರಲ್ಲಿ. ಎತ್ತು ಕುಂಟಿದ ದಿನವೇ ಯಾರಾದರೂ ಬಾವಿಯ ನೀರನ್ನು ಅನುಮಾನಿಸಿದ್ದರೆ ಎಷ್ಟು ಬೆನ್ನುಗಳು ನೆಟ್ಟಗೆ ಉಳಿಯುತ್ತಿದ್ದವೋ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಅಲ್ಯೂಮಿನಿಯಂ ಕಾರ್ಖಾನೆಯ ಸುತ್ತ ಮೇಯುವ ಕಾಂಗರೂಗಳ ಕಾಲಿನ ಮೂಳೆಗಳಲ್ಲಿ ಇಂಥ ಗಂಟುಗಳನ್ನು ಸಂಶೋಧಕರು ಕಂಡು ದಾಖಲಿಸಿದರು. ಜರ್ಮನಿಯಲ್ಲಿ ಬೇಟೆಗಾರರು ಮನೆಗೋಡೆಗೆ ತೂಗುಹಾಕಿದ್ದ ಹಳೆಯ ಜಿಂಕೆ ಕೊಂಬುಗಳಲ್ಲಿ ಫ್ಲೋರೈಡ್ ಅಳೆದು, ಯಾವ ದಶಕದಲ್ಲಿ ಗಾಳಿ ಎಷ್ಟು ಕೆಟ್ಟಿತ್ತೆಂದು ಲೆಕ್ಕ ಹಾಕಿದರು. ಕಾಡಿನ ಪ್ರಾಣಿಗೆ ನಾಣ್ಯ ಹಾಕುವ ಘಟಕವಿಲ್ಲ, ಕ್ಯಾನ್ ಇಲ್ಲ. ನೆಲ ಕೊಟ್ಟದ್ದನ್ನು ಕುಡಿಯುತ್ತದೆ. ಅದರ ಮೂಳೆಯಲ್ಲಿ ಕಂಡದ್ದು ನಾಳೆ ಅಮೃತಮಹಲ್ ಹಸುವಿನಲ್ಲೂ ಕಾವಲಿನಂಚಿನ ಊರಿನ ಮಕ್ಕಳಲ್ಲೂ ಕಾಣಬಹುದು.

ಇನ್ನು ಮುರಿಯುವ ಕಾಲಿನ ವಿಚಾರ. ತುಮಕೂರಿನಿಂದ ಶಿವಮೊಗ್ಗಕ್ಕೆ ಹೋಗುವ ಹೆದ್ದಾರಿ ಕಡೂರು, ಬೀರೂರು, ತರೀಕೆರೆಗಳನ್ನು ಹಾಯ್ದು ಹೋಗುತ್ತದೆ. ಹುಬ್ಬಳ್ಳಿಯ ಕಡೆಗೆ ಹೋಗುವ ರೈಲು ಬೀರೂರಿನಿಂದ ಅಜ್ಜಂಪುರ ಹಿಡಿಯುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರ್ ಉದ್ದದ ಸುರಂಗ ಹೊಕ್ಕು ಚಿತ್ರದುರ್ಗದ ಕಡೆಗೆ ಹರಿಯುತ್ತದೆ. ಈ ನೀರಿಗಾಗಿ ನಮ್ಮ ಬಯಲುಸೀಮೆ ದಶಕಗಳಿಂದ ಕಾದಿದೆ, ಅದನ್ನು ಬೇಡವೆನ್ನುವವರು ನಾವಲ್ಲ. ಆದರೆ ಕಾಲುವೆಯ ಸಿಮೆಂಟ್ ಬಳಿದ ಇಳಿಜಾರಿನಲ್ಲಿ ಗೊರಸು ನಿಲ್ಲುವುದಿಲ್ಲ. ಒಮ್ಮೆ ಜಾರಿ ಬಿದ್ದ ಮೃಗ ಮೇಲೇರಲು ಹಿಂಗಾಲನ್ನು ಒದ್ದು ಒದ್ದು ಸುಸ್ತಾಗಿ ಸಾಯುತ್ತದೆ. ಅಲ್ಲಲ್ಲಿ ಒರಟು ಮೆಟ್ಟಿಲಿನಂಥ ಏರು ಕಟ್ಟಿಬಿಟ್ಟರೆ ಅಷ್ಟೇ ಸಾಕು.

ಬೇಲಿಯದು ಬೇರೆ ಬಗೆ. ಬೆದರಿದ ಮೃಗ ತಂತಿ ಹಾರುವಾಗ ಮುಂಗಾಲು ದಾಟುತ್ತದೆ, ಹಿಂಗಾಲು ಮೇಲಿನ ಎರಡು ತಂತಿಗಳ ನಡುವೆ ಸಿಕ್ಕಿ ತಿರುಚುತ್ತದೆ. ಮೈಭಾರವೆಲ್ಲ ಒಂದು ನಳಿಮೂಳೆಯ ಮೇಲೆ ತೂಗುತ್ತದೆ. ಆಗ ಮೂಳೆ ಅಡ್ಡಡ್ಡ ಮುರಿಯದೆ ಬಳ್ಳಿಯಂತೆ ಸುತ್ತಿಕೊಂಡು ಸೀಳುತ್ತದೆ. ವಾಹನದ ಪೆಟ್ಟಾದರೆ ಚೂರು ಚೂರು, ಜೊತೆಗೆ ಸೊಂಟದ ಮೂಳೆಯೂ ಜಜ್ಜಿರಬಹುದು. ನಾಯಿ ಬೆನ್ನಟ್ಟಿದ್ದರೆ ಹಿಮ್ಮಡಿಯ ಹುರಿಯ ಬಳಿ ಹಲ್ಲಿನ ತೂತು, ಕೆಲವು ವಾರಗಳ ಹಳೆಯದಾದರೆ ಮೂಳೆಯವರೆಗೆ ಇಳಿದ ಕೀವು. ಪಂಚನಾಮೆಯಲ್ಲಿ ಇವೆಲ್ಲವೂ ಒಂದೇ ಸಾಲಿನಲ್ಲಿ ಮುಗಿಯಬಹುದು, ಫಿಲ್ಮಿನಲ್ಲಿ ಮಾತ್ರ ಬೇರೆ ಬೇರೆಯಾಗಿ ಕಾಣುತ್ತವೆ. ಹೀಗೆ ಹತ್ತು ಹನ್ನೆರಡು ಪ್ರಾಣಿಗಳ ಚಿತ್ರ ಒಂದೆಡೆ ಸೇರಿದರೆ ಸಾಕು, ಕಾವಲಿನ ಯಾವ ಮಗ್ಗುಲಿನಿಂದ ಕೇಡು ಬರುತ್ತಿದೆ ಎಂದು ಹೇಳಬಹುದು. ಬೇಲಿಯ ಮುರಿತವೇ ಹೆಚ್ಚಾದರೆ ಮೇಲಿನ ತಂತಿಗೆ ಮುಳ್ಳು ಬೇಡವೆಂದು ತೋಟದವರೊಂದಿಗೆ ಮಾತಾಡಬೇಕು. ನಾಯಿಯದೇ ಹೆಚ್ಚಾದರೆ ಕೋಳಿ ಅಂಗಡಿಯ ಕಸ ಎಲ್ಲಿ ಬೀಳುತ್ತಿದೆ ಎಂದು ಪಂಚಾಯಿತಿ ನೋಡಬೇಕು. ಬೆಳವಣಿಗೆಯ ಗೆರೆ ಇನ್ನೂ ತೆರೆದಿರುವ ಎಳೆಯ ಕಾಲುಗಳೇ ಸಾಲಾಗಿ ಬಂದರೆ, ಹಿಂಡಿಗೆ ಮುಂದಿನ ವರ್ಷವೇ ಇಲ್ಲದಂತಾಗುತ್ತಿದೆ ಎಂದು ಅರ್ಥ. ಹೆಣ್ಣು ಆರು ತಿಂಗಳು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುವ ಜಾತಿ ಇದು.

ಈಗಿನ ರೂಢಿ ಏನು? ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಸತ್ತ ಮೃಗ ಸರ್ಕಾರದ ಸ್ವತ್ತು. ಅದರ ಕೊಂಬು, ಚರ್ಮ, ಒಂದು ಮೂಳೆಯನ್ನೂ ಯಾರೂ ಇಟ್ಟುಕೊಳ್ಳುವಂತಿಲ್ಲ. ಅರಣ್ಯ ಸಿಬ್ಬಂದಿ ಬರುತ್ತಾರೆ, ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡುತ್ತಾರೆ, ಪಂಚರ ಸಹಿಯಾಗುತ್ತದೆ, ಸೌದೆ ಒಟ್ಟಿ ಸುಡುತ್ತಾರೆ. ಕಳ್ಳಸಾಗಣೆ ತಡೆಯಲು ಇದು ಸರಿಯಾದ ಕ್ರಮ, ಇದನ್ನು ಸಡಿಲಿಸಿ ಎಂದು ನಾವು ಕೇಳುವುದಿಲ್ಲ. ಬೆಂಕಿ ಹಚ್ಚುವ ಮೊದಲು ಎರಡೂ ಹಿಂಗಾಲುಗಳ ಎಕ್ಸ್‌ರೇ ತೆಗೆಯಿರಿ ಎಂದಷ್ಟೇ ಕೇಳುತ್ತಿದ್ದೇವೆ. ಇದಕ್ಕೆ ಮೂಳೆಯನ್ನು ಹೊರಗೆ ಒಯ್ಯಬೇಕಿಲ್ಲ, ಕಾಯ್ದೆಯ ಒಂದು ಅಕ್ಷರವನ್ನೂ ಮೀರಬೇಕಿಲ್ಲ. ಕೈಯಲ್ಲಿ ಎತ್ತಿ ಒಯ್ಯಬಹುದಾದ ಎಕ್ಸ್‌ರೇ ಯಂತ್ರ ಈಗ ಅಪರೂಪದ್ದೇನಲ್ಲ. ಮೇಕೆಯ ಕಾಲಿಗೆ ಇಡುವ ಪ್ರಮಾಣವೇ ಹೆಚ್ಚುಕಡಿಮೆ ಇದಕ್ಕೂ ಸಾಕು. ಹೋದ ಜೀವ ಹೋಯಿತು. ಅದರ ಕಾಲು ಹೇಳಬೇಕಾದ ಮಾತೂ ಬೂದಿಯಾಗಬೇಕೆ?

ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ತರೀಕೆರೆಯಿಂದ ಹೆಚ್ಚು ದೂರವಿಲ್ಲ. ಅಂಗರಚನೆ ಕಲಿಸುವವರೂ ಎಕ್ಸ್‌ರೇ ಓದುವವರೂ ಅಲ್ಲಿ ಒಂದೇ ಸೂರಿನಡಿ ಇದ್ದಾರೆ. ಸುತ್ತಲಿನ ತಾಲ್ಲೂಕುಗಳ ಚಿತ್ರಗಳು ಅಲ್ಲಿಗೆ ಹೋಗಿ ಒಂದೇ ಕ್ರಮದಲ್ಲಿ ಜೋಡಣೆಯಾಗಬೇಕು. ಅರಣ್ಯ ಇಲಾಖೆಯ ಅನುಮತಿ ಸಿಕ್ಕ ಕಡೆ, ಅಷ್ಟೇನೂ ಕೆಡದ ಕೆಲವು ಕಾಲುಗಳನ್ನು ಸಿ.ಟಿ. ಸ್ಕ್ಯಾನ್ ಮಾಡಿದರೆ ಇನ್ನೂ ಒಳ್ಳೆಯದು. ಎಕ್ಸ್‌ರೇಯಲ್ಲಿ ಹಿಮ್ಮಡಿಯ ಗಂಟಿನ ಮೂಳೆಗಳು ಒಂದರ ಮೇಲೊಂದು ಬಿದ್ದು ನೆರಳು ಕಲಸಿಹೋಗುತ್ತದೆ. ಸಿ.ಟಿ. ಆ ಗಂಟನ್ನು ಎಲೆ ಎಲೆಯಾಗಿ ಹೆರೆದು ತೋರಿಸುತ್ತದೆ, ಬೇಕಾದರೆ ಇಡೀ ಮೂಳೆಯನ್ನು ಪರದೆಯ ಮೇಲೆ ತಿರುಗಿಸಿ ನೋಡಬಹುದು. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಯಾವುದಿದೆ?

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಎಕ್ಸ್‌ರೇಗಾಗಿ ಬದುಕಿರುವ, ಓಡಾಡುತ್ತಿರುವ ಒಂದೇ ಒಂದು ಮೃಗವನ್ನೂ ಅಟ್ಟಿಸಬಾರದು, ಹಿಡಿಯಬಾರದು. ಕೃಷ್ಣಮೃಗದ ಜೀವ ಹೆದರಿಕೆಯಲ್ಲೇ ಹೋಗುತ್ತದೆ. ಹಿಡಿದಾಗ ಆಗುವ ಭಯಕ್ಕೂ ಒದ್ದಾಟಕ್ಕೂ ಸ್ನಾಯುಗಳು ಒಳಗೇ ಬೆಂದಂತಾಗಿ, ಬಿಟ್ಟ ಮೇಲೆ ಗಂಟೆಗಳಲ್ಲೋ ದಿನಗಳಲ್ಲೋ ಸಾಯುವುದುಂಟು. ನಾಲ್ಕೂ ಕಾಲು ಸೇರಿಸಿ ಹಗ್ಗ ಬಿಗಿದು, ಕಣ್ಣಿಗೆ ಬಟ್ಟೆಯೂ ಇಲ್ಲದೆ, ಸುತ್ತ ಮೊಬೈಲ್ ಹಿಡಿದ ಹತ್ತು ಜನರ ಗದ್ದಲದಲ್ಲಿ ಆಟೋದಲ್ಲಿ ತಂದರೆ, ಮುರಿದ ಕಾಲಿಗಿಂತ ಆ ಪ್ರಯಾಣವೇ ಅದನ್ನು ಕೊಲ್ಲುತ್ತದೆ. ಗಾಯಗೊಂಡದ್ದು ಸಿಕ್ಕರೆ ಕಣ್ಣಿಗೆ ಕತ್ತಲೆ, ಕಿವಿಗೆ ಮೌನ, ಮೈಗೆ ತಂಪು ಕೊಡಿ, ಅರಣ್ಯ ಸಿಬ್ಬಂದಿಗೆ ಫೋನ್ ಮಾಡಿ. ಕಾಲನ್ನು ನೀವಾಗಿ ಎಳೆದು ನೇರ ಮಾಡಬೇಡಿ. ಚಿಕಿತ್ಸೆಗಾಗಿ ವೈದ್ಯರು ಹೇಗೂ ಮಂಪರು ಮದ್ದು ಕೊಟ್ಟಿರುವಾಗ ಮಾತ್ರ ಚಿತ್ರ ತೆಗೆಯಬೇಕು.

ಕಾವಲು ಎಂಬ ಮಾತಿನ ಅರ್ಥವನ್ನೂ ಇಲ್ಲಿ ನೆನೆಯಬೇಕು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ದಂಡಿನ ಫಿರಂಗಿ ಎಳೆಯುವ ಎತ್ತುಗಳಿಗಾಗಿ ಹುಲ್ಲುಗಾವಲನ್ನು ಕಾದಿಟ್ಟರು. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಈ ಕಾವಲುಗಳಲ್ಲಿ ಇಂದು ಉಳಿದಿರುವುದು ಸಣ್ಣ ಪಾಲು. 1929ರಲ್ಲಿ ಅಜ್ಜಂಪುರದಲ್ಲಿ ತಳಿ ಕೇಂದ್ರ ಬಂದದ್ದರಿಂದ ನಮ್ಮ ಕಡೆ ಒಂದಿಷ್ಟು ನೆಲ ಉಳಿಯಿತು. ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹಂಚಿಹೋದಾಗ ಅಲ್ಲಿನ ಕುರಿಗಾಹಿಗಳು ಗೋಡೆಯ ಹೊರಗೆ ನಿಂತು ನೋಡಬೇಕಾಯಿತು. ಹುಲ್ಲುಗಾವಲನ್ನು ಖಾಲಿ ಜಾಗ, ಪಾಳು ಎಂದು ಬರೆದುಕೊಂಡ ಕಡತಗಳೇ ಇದಕ್ಕೆಲ್ಲ ದಾರಿ. ಈ ನೆಲದಲ್ಲಿ ಬದುಕುವ ಪ್ರಾಣಿಯ ಬಗ್ಗೆ ಗಟ್ಟಿಯಾದ ದಾಖಲೆ ಇದ್ದಾಗ ಮಾತ್ರ ಅದನ್ನು ಖಾಲಿ ಎನ್ನುವ ಕೈ ತಡೆಯುತ್ತದೆ. ಮೂಳೆಯ ಚಿತ್ರವೂ ಅಂಥ ಒಂದು ದಾಖಲೆ.

ರಾಗಿ ತೆನೆ ಕಟ್ಟುವ ಹೊತ್ತಿಗೆ ರಾತ್ರಿಯೆಲ್ಲ ಹೊಲದಲ್ಲಿ ಕಾಯುವ ರೈತನಿಗೆ ಈ ಮಾತೆಲ್ಲ ದೂರದ್ದೆನಿಸಬಹುದು. ಅವನ ನಷ್ಟ ನಿಜ. ಪರಿಹಾರದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುವುದೂ ನಿಜ. ಬೆಳೆ ಪರಿಹಾರ ಹೊತ್ತಿಗೆ ಸರಿಯಾಗಿ ಕೈಸೇರದ ಊರಿನಲ್ಲಿ ಮೃಗದ ಕಾಲಿನ ಬಗ್ಗೆ ಮಾತಾಡುವ ಹಕ್ಕು ಯಾರಿಗೂ ದಕ್ಕುವುದಿಲ್ಲ ಎಂದು ನಾವು ನಂಬಿದ್ದೇವೆ. ಆದರೆ ಮುಂಜಾನೆ ಹಿಂಡನ್ನು ಮೊದಲು ನೋಡುವವನೂ ಅವನೇ. ಮೂರು ದಿನದಿಂದ ಒಂದು ಹೆಣ್ಣು ಹಿಂದೆ ಬೀಳುತ್ತಿದೆ, ಎಡಗಾಲು ಊರುತ್ತಿಲ್ಲ ಎಂದು ಅವನಿಗೆ ಗೊತ್ತಿರುತ್ತದೆ. ದನ ಕಾಯುವವನಿಗೂ ಕುರಿ ಕಾಯುವವನಿಗೂ ಗೊತ್ತಿರುತ್ತದೆ. ಸಂರಕ್ಷಣಾ ಮೀಸಲು ಪ್ರದೇಶಕ್ಕೆ ಕಾಯ್ದೆಯೇ ಒಂದು ನಿರ್ವಹಣಾ ಸಮಿತಿ ಹೇಳಿದೆ, ಅದರಲ್ಲಿ ಗ್ರಾಮ ಪಂಚಾಯಿತಿಗೆ ಜಾಗವಿದೆ. ಕುಂಟುವ ಮೃಗವನ್ನು ಕಂಡ ದಿನ, ಜಾಗ, ಯಾವ ಕಾಲು ಎಂದು ಬರೆಯುವ ಒಂದು ಪುಸ್ತಕ ಆ ಸಮಿತಿಯ ಬಳಿ ಇದ್ದರೆ, ಮುಂದೆ ಫಿಲ್ಮಿನಲ್ಲಿ ಕಾಣುವುದಕ್ಕೂ ಹೊಲದಲ್ಲಿ ಕಂಡದ್ದಕ್ಕೂ ಕೊಂಡಿ ಬೀಳುತ್ತದೆ.

ತರೀಕೆರೆಯ ಪಶ್ಚಿಮಕ್ಕೆ, ಲಕ್ಕವಳ್ಳಿಯ ಕಡೆ, ಭದ್ರಾ ಹುಲಿ ಮೀಸಲಿನ ಅಂಚಿನಲ್ಲೂ ಇದೇ ಕ್ರಮ ಬೇಕು. ಹಂದಿಗೆಂದು ಇಟ್ಟ ತಂತಿ ಉರುಳಿಗೆ ಚಿರತೆ ಸಿಗುತ್ತದೆ. ಬಿಡಿಸಿಕೊಂಡು ಹೋದದ್ದರ ಕಾಲಿನಲ್ಲಿ ತಂತಿ ಮೂಳೆಯವರೆಗೆ ಕೊರೆದು ಉಳಿಯುತ್ತದೆ, ಆಮೇಲೆ ಓಡಲಾರದ ಚಿರತೆ ಊರಿನ ನಾಯಿ ಕರುಗಳ ಕಡೆ ತಿರುಗಬಹುದು.

ಈ ಕೆಲಸಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಅರಣ್ಯ ಇಲಾಖೆ, ಪಶುಸಂಗೋಪನಾ ಇಲಾಖೆ, ಶಿವಮೊಗ್ಗದ ಕಾಲೇಜು, ಈ ಮೂವರು ಒಂದು ಮಧ್ಯಾಹ್ನ ಕಡೂರಿನಲ್ಲಿ ಕೂತು ಒಂದು ಪುಟದ ಆದೇಶ ಬರೆದರೆ ಮುಗಿಯಿತು. ಕಾವಲಿನ ತೊಟ್ಟಿಗಳ ನೀರನ್ನು ಮಾರ್ಚಿಗೆ ಮೊದಲು ಒಮ್ಮೆ, ಮುಂಗಾರು ಬಿದ್ದ ಮೇಲೆ ಒಮ್ಮೆ ಪರೀಕ್ಷೆಗೆ ಕಳಿಸಬೇಕು. ಫ್ಲೋರೈಡ್ ಮಿತಿ ಮೀರಿದ ಕೊಳವೆಯ ನೀರನ್ನು ಆ ತೊಟ್ಟಿಗಳಿಗೆ ಬಿಡುವುದು ನಿಲ್ಲಬೇಕು, ಮಳೆನೀರು ನಿಲ್ಲುವ ಹಳೆಯ ಗುಂಡಿ ಗೋಕಟ್ಟೆಗಳ ಹೂಳು ತೆಗೆಯಬೇಕು. ಮತ್ತು ಮುಂದಿನ ಬಾರಿ ಬಾಸೂರಿನ ಸುತ್ತ ಒಂದು ಕೃಷ್ಣಮೃಗ ಸತ್ತಾಗ, ಸೌದೆ ಒಟ್ಟುವ ಮೊದಲು ಯಂತ್ರ ಬರಬೇಕು. ಫಿಲ್ಮಿನ ಮೂಲೆಯ ಚೀಟಿಯ ಮೇಲೆ ಪೆನ್ನಿನಿಂದ ಬರೆಯಬೇಕಾದದ್ದು ಇಷ್ಟೇ: ಕೃಷ್ಣಮೃಗ, ಹೆಣ್ಣೋ ಗಂಡೋ, ಎಡ ಹಿಂಗಾಲು, ಪಕ್ಕದ ನೋಟ, ಸಿಕ್ಕ ಜಾಗ, ತಾರೀಖು, ಕ್ರಮ ಸಂಖ್ಯೆ 1.